ಒಂದು ರಸ್ತೆಯ ಈಚೆ ಬದಿ: ಓಕ್ ಪಾರ್ಕ್ ಎಂಬ ಹಳ್ಳಿ

ಆ ಊರಿಗೆ ಹೋದ ಮೊದಲ ವಾರ ಅಮ್ಮನಿಗೆ ಫೋನ್ ಮಾಡಿ, ‘ಹಳ್ಳೀಲಿ ಮನೆ ಸಿಕ್ಕಿತಮ್ಮ’ ಅಂದೆ. ಅಮ್ಮನಿಗೆ ಗಾಬರಿ. ‘ಅಷ್ಟು ದೂರ ಹೋಗಿ ಹಳ್ಳೀಲಿ ಯಾಕೆ ಇರ್ತೀರ? ಡಾಕ್ಟರು ಗಿಕ್ಟರು ಸಿಗ್ತಾರಾ?’ ಅಂತ ಕೇಳಿದರು. ನಾನು ಹೇಳಿದ್ದು ಸುಳ್ಳಲ್ಲ. ಊರಿನ ಪೊಲೀಸ್ ಕಾರಿನ ಮೇಲೆ, ನೀರಿನ ಬಿಲ್ಲಿನ ಮೇಲೆ, ಕಸದ ಡಬ್ಬದ ಮೇಲೆ, ಎಲ್ಲ ಕಡೆ ‘ವಿಲೇಜ್ ಆಫ್ ಓಕ್ ಪಾರ್ಕ್’ ಎಂದೇ ಬರೆದಿರುತ್ತದೆ. ಆ ಹಳ್ಳಿಯ ಜನಸಂಖ್ಯೆ 2020ರ ಜನಗಣತಿಯಂತೆ 54,583.

ನಮ್ಮಲ್ಲಿ ಹಳ್ಳಿ ಅಂದರೆ ಹೊಲ, ಕೆರೆ, ದನ, ಗುಡಿ. ಅಮೆರಿಕದ ಇಲಿನಾಯ್ಸ್ ರಾಜ್ಯದಲ್ಲಿ ವಿಲೇಜ್ ಅಂದರೆ ಒಂದು ಬಗೆಯ ಆಡಳಿತ. ಮೇಯರು, ವಾರ್ಡುಗಳಿಂದ ಆರಿಸಿ ಬರುವ ಆಲ್ಡರ್‌ಮನ್ ಇದ್ದರೆ ಅದು ಸಿಟಿ. ಒಬ್ಬ ಅಧ್ಯಕ್ಷ, ಆರು ಜನ ಟ್ರಸ್ಟಿಗಳು ಇದ್ದರೆ ಅದು ವಿಲೇಜ್. ಜನ ಎಷ್ಟೇ ಬೆಳೆದರೂ ಹೆಸರು ಬದಲಾಗಬೇಕಿಲ್ಲ. ಶಿಕಾಗೊದ ವಾಯವ್ಯಕ್ಕಿರುವ ಶಾಂಬರ್ಗಿನಲ್ಲಿ ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿದ್ದಾರೆ, ದೊಡ್ಡ ದೊಡ್ಡ ಕಂಪನಿಗಳಿವೆ, ನಮ್ಮ ಕನ್ನಡದ ಮನೆಗಳೂ ಬೇಕಾದಷ್ಟಿವೆ. ಅದೂ ಕಾಗದದ ಮೇಲೆ ಹಳ್ಳಿಯೇ.

ಈ ಮಾತಿನಿಂದಲೇ ಶುರು ಮಾಡಿದ್ದಕ್ಕೆ ಕಾರಣ ಇದೆ. ಇವತ್ತು ನಾನು ಹೇಳುವುದೆಲ್ಲ ಆ ಏಳು ಜನ ಕೂತು ಏನು ತೀರ್ಮಾನ ಮಾಡಿದರು, ಅದರಿಂದ ಬೀದಿಯಲ್ಲಿ ಏನಾಯಿತು ಎಂಬುದರ ಸುತ್ತಲೇ ಇದೆ. ನಾವು ಅಲ್ಲಿ ಹನ್ನೊಂದು ವರ್ಷ ಬಾಡಿಗೆಗಿದ್ದೆವು. ಊರು ಚೆನ್ನಾಗಿದೆ, ಎಲ್ಲ ಬಗೆಯ ಜನ ಒಟ್ಟಿಗಿದ್ದಾರೆ, ಇದು ಈ ಜನರ ಒಳ್ಳೆಯ ಗುಣ ಎಂದು ಮೊದಲ ಎರಡು ವರ್ಷ ಅಂದುಕೊಂಡಿದ್ದೆ. ಒಳ್ಳೆಯ ಗುಣ ಇರಲಿಲ್ಲ ಎನ್ನುವುದಿಲ್ಲ. ಆದರೆ ಊರು ಹಾಗಿರುವುದು ಗುಣದಿಂದಲ್ಲ, ಲೆಕ್ಕ ಹಾಕಿ ಮಾಡಿದ ಕೆಲಸದಿಂದ ಎಂದು ತಿಳಿಯಲು ನನಗೆ ಆಮೇಲೂ ಸಾಕಷ್ಟು ಕಾಲ ಹಿಡಿಯಿತು.

ಊರು ಎಲ್ಲಿದೆ ಎಂದು ಹೇಳಿಬಿಡುತ್ತೇನೆ. ಶಿಕಾಗೊ ನಗರದ ನಡುಭಾಗದಿಂದ ಪಡುವಣಕ್ಕೆ ಹದಿಮೂರು ಹದಿನಾಲ್ಕು ಕಿಲೋಮೀಟರ್. ಊರಿನ ವಿಸ್ತಾರ ಹನ್ನೆರಡು ಚದರ ಕಿಲೋಮೀಟರ್ ಇದ್ದೀತು, ಈ ತುದಿಯಿಂದ ಆ ತುದಿಗೆ ನಡೆದೇ ಹೋಗಬಹುದು. ನಗರದೊಳಗೆ ಕಂಬಗಳ ಮೇಲೆ ಓಡುವ ಗ್ರೀನ್ ಲೈನ್ ರೈಲು ಲೇಕ್ ಸ್ಟ್ರೀಟ್ ಪಕ್ಕದಲ್ಲೇ ಬರುತ್ತದೆ. ಪೂರ್ವಕ್ಕೆ ಆಸ್ಟಿನ್ ಬುಲೆವಾರ್ಡ್ ಎಂಬ ರಸ್ತೆ. ರಸ್ತೆಯ ಆ ಬದಿಗೆ ಶಿಕಾಗೊ ನಗರದ ಆಸ್ಟಿನ್ ಬಡಾವಣೆ, ಈ ಬದಿಗೆ ಓಕ್ ಪಾರ್ಕ್. ಗೋಡೆಯಿಲ್ಲ, ಹೊಳೆಯಿಲ್ಲ, ಬರೀ ರಸ್ತೆ. ಈ ರಸ್ತೆಯನ್ನು ನೆನಪಿಟ್ಟುಕೊಳ್ಳಿ.

ನೆಲ ಬಹುಮಟ್ಟಿಗೆ ಚಪ್ಪಟೆ. ಒಂದೇ ಒಂದು ಕಡೆ ಸಣ್ಣ ಏರು ಸಿಗುತ್ತದೆ, ಸೈಕಲ್ ತುಳಿಯುವವರಿಗೆ ಮಾತ್ರ ಗೊತ್ತಾಗುವಷ್ಟು. ಹಿಮಯುಗ ಮುಗಿದಾಗ ಅಲ್ಲೊಂದು ದೊಡ್ಡ ಸರೋವರ ಇತ್ತು. ಈಗಿನ ಮಿಶಿಗನ್ ಸರೋವರಕ್ಕಿಂತ ಎತ್ತರಕ್ಕೆ ನೀರು ನಿಂತಿತ್ತು. ಆ ಏರು ಅದರ ದಡದ ಮರಳು ದಿಬ್ಬ. ಸುತ್ತ ಎಲ್ಲ ಕೆಸರು ನೆಲವಾದರೆ ಇದೊಂದು ಒಣ ನೆಲ. ಹಾಗಾಗಿ ಓಕ್ ಮರಗಳು ಅಲ್ಲಿ ಬೆಳೆದವು, ಜನ ಮೊದಲು ಮನೆ ಕಟ್ಟಿದ್ದೂ ಅಲ್ಲೇ.

ಆ ಸೀಮೆಯ ಮೂಲನಿವಾಸಿಗಳು ಪೊಟವಾಟಮಿಗಳು. 1833ರ ಶಿಕಾಗೊ ಒಪ್ಪಂದದಲ್ಲಿ ಅವರ ಕೈಯಿಂದ ನೆಲ ಬರೆಸಿಕೊಂಡು, ಮಿಸಿಸಿಪಿ ನದಿಯ ಆಚೆಗೆ ಹೊರಡಿಸಿದರು. ಅದೇ ದಶಕದಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನಿಂದ ಬಂದ ಜೋಸೆಫ್ ಕೆಟಲ್‌ಸ್ಟ್ರಿಂಗ್ಸ್ ಮತ್ತು ಅವನ ಹೆಂಡತಿ ಬೆಟ್ಟಿ ಈ ದಿಬ್ಬದ ಮೇಲೆ ಸುಮಾರು 170 ಎಕರೆ ಕೊಂಡರು. ದಾರಿಹೋಕರಿಗೆ ಊಟ, ಹಾಸಿಗೆ ಕೊಡುವ ಛತ್ರದಂಥ ಮನೆ ಅವರದು. 1848ರಲ್ಲಿ ರೈಲು ಬಂತು. ಕೆಟಲ್‌ಸ್ಟ್ರಿಂಗ್ಸ್ ನೆಲವನ್ನು ತುಂಡು ತುಂಡಾಗಿ ಮಾರಲು ಶುರು ಮಾಡಿದ. ಹೆಂಡದಂಗಡಿ ಬೇಡ, ಶಾಲೆ ಮತ್ತು ಚರ್ಚು ಬೇಕು ಎನ್ನುವ ಜನಕ್ಕಷ್ಟೇ ಮಾರುತ್ತಿದ್ದ ಎಂದು ಊರಿನ ಚರಿತ್ರೆ ಹೇಳುತ್ತದೆ. 1871ರಲ್ಲಿ ಶಿಕಾಗೊ ನಗರ ಸುಟ್ಟುಹೋದ ಮೇಲೆ, ಮನೆ ಕಳೆದುಕೊಂಡವರು, ನಗರದ ಮರದ ಮನೆಗಳಿಗೆ ಹೆದರಿದವರು ರೈಲು ಹತ್ತಿ ಇತ್ತ ಬಂದರು. ಊರು ಬೆಳೆಯಿತು. ಹೆಂಡ ಮಾತ್ರ ಒಳಗೆ ಬರಲಿಲ್ಲ. ಹೋಟೆಲಿನಲ್ಲಿ ಊಟದ ಜೊತೆ ಒಂದು ಲೋಟ ವೈನ್ ಕೊಡಲು ಅನುಮತಿ ಸಿಕ್ಕಿದ್ದು 1970ರ ದಶಕದಲ್ಲಿ. ಅಂದರೆ ಈ ಊರಿಗೆ ಯಾರು ಬರಬೇಕು, ಯಾರು ಬೇಡ ಎಂದು ಆರಿಸುವ ಅಭ್ಯಾಸ ಮೊದಲ ಸೈಟು ಮಾರಿದ ದಿನದಿಂದಲೂ ಇತ್ತು. ಅದೇ ಅಭ್ಯಾಸ ಮುಂದೆ ಊರಿಗೆ ಕೆಟ್ಟದ್ದನ್ನೂ ಮಾಡಿತು, ಒಳ್ಳೆಯದನ್ನೂ ಮಾಡಿತು.

1899ರಲ್ಲಿ ಒಂದು ಘಟನೆ ನಡೆಯಿತು. ಪ್ರವಾಸಿಗರಿಗೆ ಕೊಡುವ ಕೈಪಿಡಿಗಳಲ್ಲಿ ಇದು ಕಾಣುವುದಿಲ್ಲ. ಆಗ ಓಕ್ ಪಾರ್ಕ್, ಆಸ್ಟಿನ್, ಬರ್ವಿನ್, ಸಿಸರೊ ಎಲ್ಲ ಸೇರಿ ಸಿಸರೊ ಟೌನ್‌ಶಿಪ್ ಎಂಬ ಒಂದೇ ಆಡಳಿತ. ಅದರಲ್ಲಿ ಆಸ್ಟಿನ್ನಿನ ರಾಜಕಾರಣಿಗಳದೇ ಕೈ ಮೇಲು. ಲೇಕ್ ಸ್ಟ್ರೀಟಿನ ರೈಲನ್ನು ಓಕ್ ಪಾರ್ಕಿಗೆ ಮುಂದುವರಿಸುವ ವಿಷಯದಲ್ಲಿ ಜಗಳ ಹತ್ತಿತು. ಉಳಿದ ಊರುಗಳವರು ಒಂದಾಗಿ, ಆಸ್ಟಿನ್ನನ್ನು ಶಿಕಾಗೊ ನಗರಕ್ಕೆ ಸೇರಿಸಿಬಿಡೋಣ ಎಂದು ಮತ ಹಾಕಿದರು. ಆಸ್ಟಿನ್ನಿನ ಜನ ಬೇಡ ಎಂದೇ ಮತ ಹಾಕಿದರು. ಆದರೆ ಟೌನ್‌ಶಿಪ್ಪಿನ ಒಟ್ಟು ಮತದ ಮುಂದೆ ಅವರ ಮಾತು ನಡೆಯಲಿಲ್ಲ. ಆಸ್ಟಿನ್ ನಗರದ ಒಂದು ಬಡಾವಣೆಯಾಯಿತು. ಮೂರು ವರ್ಷದೊಳಗೆ, 1902ರಲ್ಲಿ, ಓಕ್ ಪಾರ್ಕ್ ತನ್ನದೇ ಆಡಳಿತದ ಹಳ್ಳಿಯಾಯಿತು. ಒಂದು ರಸ್ತೆ ಗಡಿಯಾಗಿದ್ದು ಹೀಗೆ.

ಓಕ್ ಪಾರ್ಕ್ ಎಂದರೆ ಹೊರಗಿನವರಿಗೆ ನೆನಪಾಗುವುದು ಇಬ್ಬರು. ಒಬ್ಬ ಕಾದಂಬರಿಕಾರ ಹೆಮಿಂಗ್ವೇ. ಅವನು ಅಲ್ಲಿ 1899ರಲ್ಲಿ ಹುಟ್ಟಿದ, 1917ರಲ್ಲಿ ಅಲ್ಲಿನ ಹೈಸ್ಕೂಲು ಮುಗಿಸಿ ಊರು ಬಿಟ್ಟ, ಯುದ್ಧದಲ್ಲಿ ಗಾಯಗೊಂಡು ಬಂದಾಗ ಸ್ವಲ್ಪ ದಿನ ಇದ್ದ, ಅಷ್ಟೇ. ಇನ್ನೊಬ್ಬ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್. ಅವನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇಪ್ಪತ್ತೆರಡು ವರ್ಷದ ಹುಡುಗ, 1889ರಲ್ಲಿ, ತನ್ನ ಯಜಮಾನ ಲೂಯಿ ಸಲಿವನ್ ಹತ್ತಿರ 5,000 ಡಾಲರ್ ಸಾಲ ತೆಗೆದುಕೊಂಡು ಅಲ್ಲಿ ಮನೆ ಕಟ್ಟಿಕೊಂಡ. ಇಪ್ಪತ್ತು ವರ್ಷ ಅಲ್ಲಿದ್ದ. ಚಪ್ಪಟೆ ನೆಲಕ್ಕೆ ಒಪ್ಪುವ ಹಾಗೆ ಅಡ್ಡಡ್ಡಕ್ಕೆ ಹರಡಿದ, ಸೂರು ಮುಂದಕ್ಕೆ ಚಾಚಿದ ಮನೆಗಳನ್ನು ಕಟ್ಟುವುದನ್ನು ಕಲಿತದ್ದು ಈ ಬೀದಿಗಳಲ್ಲೇ.

1905ರ ಜೂನ್‌ನಲ್ಲಿ ಲೇಕ್ ಸ್ಟ್ರೀಟಿನ ಹಳೆಯ ಚರ್ಚಿಗೆ ಸಿಡಿಲು ಬಡಿದು ಅದು ಸುಟ್ಟುಹೋಯಿತು. ಹೊಸದು ಕಟ್ಟಲು ಸಭೆಯವರ ಕೈಯಲ್ಲಿ ಹೆಚ್ಚು ದುಡ್ಡಿಲ್ಲ. ರೈಟ್ ಕಲ್ಲು ಬಿಟ್ಟು ಕಾಂಕ್ರೀಟ್ ಸುರಿಸಿದ. ಅದೇ ಯೂನಿಟಿ ಟೆಂಪಲ್. 2019ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ರೈಟ್‌ನ ಎಂಟು ಕಟ್ಟಡಗಳಲ್ಲಿ ಇದೂ ಒಂದು. ಬೀದಿಯಿಂದ ನೋಡಿದರೆ ಬೂದು ಬಣ್ಣದ ಮೊಂಡು ಗೋಡೆ, ಬಾಗಿಲೇ ಕಾಣುವುದಿಲ್ಲ. ನಾನು ಮೊದಲ ಸಲ ಹೋದಾಗ ಬಾಗಿಲು ಹುಡುಕುತ್ತಾ ಪಕ್ಕಕ್ಕೆ ಸುತ್ತಿಕೊಂಡು ಹೋದೆ. ಒಳಗೆ ಹೊಕ್ಕರೆ ಚಾವಣಿ ತಗ್ಗು, ಕತ್ತಲೆ. ಅಲ್ಲಿಂದ ಕೆಲವು ಮೆಟ್ಟಿಲು ಹತ್ತುತ್ತೀರಿ. ಹತ್ತಿದ ಕೂಡಲೇ ಮೇಲಿಂದ ಜೇನುಬಣ್ಣದ ಬೆಳಕು. ಹೊರಗೆ ಮೋಡ ಕವಿದಿದ್ದರೂ ಒಳಗೆ ಸಂಜೆ ಬಿಸಿಲಿನ ಹಾಗೆ. ಮೂರು ಕಡೆ ಜನ ಕೂರುತ್ತಾರೆ, ಯಾರೂ ಪಾದ್ರಿಯಿಂದ ದೂರ ಇಲ್ಲ. ಪ್ರಾರ್ಥನೆ ಮುಗಿದು ಹೊರಡುವಾಗ ಬಂದ ದಾರಿಯಲ್ಲಿ ಹೋಗಬೇಕಿಲ್ಲ. ಪಾದ್ರಿ ನಿಲ್ಲುವ ವೇದಿಕೆಯ ಪಕ್ಕದಲ್ಲೇ ಬಾಗಿಲುಗಳು ತೆರೆದುಕೊಳ್ಳುತ್ತವೆ. ಬೆನ್ನು ತೋರಿಸಿ ಹೋಗದೆ, ಎದುರು ಬಂದು, ಮಾತಾಡಿಸಿ ಹೋಗಲಿ ಎಂದು. ನಮ್ಮ ಗುಡಿಗಳಲ್ಲಿ ದೇವರಿಗೆ ಬೆನ್ನು ಹಾಕಬಾರದು ಎಂದು ಹಿಂದಕ್ಕೆ ಹೆಜ್ಜೆ ಇಡುತ್ತಿದ್ದ ನನ್ನ ಅಜ್ಜಿ ಆ ಹೊತ್ತು ನೆನಪಾದರು.

ಇನ್ನು ದಿನದ ಬದುಕು. ಮನೆಗಳ ಮುಂದೆ ಹುಲ್ಲು, ಕಾಲುದಾರಿ, ಸಾಲುಮರ. ಹಿಂದೆ ಒಂದು ಓಣಿ. ಕಾರಿನ ಗ್ಯಾರೇಜು, ಕಸದ ಡಬ್ಬ, ವಿದ್ಯುತ್ ಕಂಬ ಎಲ್ಲ ಓಣಿಗೆ. ಹೀಗಾಗಿ ಮುಂದಿನ ಬೀದಿ ಪೂರ್ತಿ ನಡೆಯುವವರಿಗೆ, ಮಕ್ಕಳಿಗೆ, ನಾಯಿ ಹಿಡಿದುಕೊಂಡವರಿಗೆ. ಬೇಸಿಗೆಯಲ್ಲಿ ಒಂದು ಬೀದಿಯವರೆಲ್ಲ ಸೇರಿ ಅರ್ಜಿ ಕೊಟ್ಟರೆ ಹಳ್ಳಿಯವರು ಆ ಬೀದಿಗೆ ಅಡ್ಡ ಕಟ್ಟಲು ಅನುಮತಿ ಕೊಡುತ್ತಾರೆ. ರಸ್ತೆ ಮಧ್ಯಕ್ಕೆ ಮೇಜು ಬರುತ್ತದೆ, ಮಕ್ಕಳು ಸೈಕಲ್ ಬಿಡುತ್ತಾರೆ, ಒಬ್ಬೊಬ್ಬರ ಮನೆಯಿಂದ ಒಂದೊಂದು ಪಾತ್ರೆ. ನಾನು ಪ್ರತಿವರ್ಷ ಚಿತ್ರಾನ್ನ ಮಾಡಿಕೊಂಡು ಹೋಗುತ್ತಿದ್ದೆ. ಮೂರನೆಯ ವರ್ಷದಿಂದ ಎದುರುಮನೆಯ ಅಜ್ಜ ಮುಂಚೆಯೇ ಬಂದು ‘ಹಳದಿ ಅನ್ನ ಇದೆಯಲ್ಲ?’ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ಚಳಿಗಾಲದ ಕೆಲಸ ಬೇರೆ. ರಾತ್ರಿ ಹಿಮ ಬಿದ್ದರೆ ಬೆಳಿಗ್ಗೆ ನಿಮ್ಮ ಮನೆ ಮುಂದಿನ ಕಾಲುದಾರಿಯನ್ನು ನೀವೇ ಸಲಿಕೆಯಲ್ಲಿ ತೆಗೆಯಬೇಕು. ಮೊದಲು ಎದ್ದವರು ಪಕ್ಕದ ಮನೆಯ ಪಾಲನ್ನೂ ನಾಲ್ಕು ಮಾರು ತೆಗೆದಿರುತ್ತಾರೆ. ಅದಕ್ಕೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ, ಮುಂದಿನ ಹಿಮಕ್ಕೆ ಅವರು ಇವರದನ್ನು ತೆಗೆಯುತ್ತಾರೆ. ರಾತ್ರಿ ಎರಡೂವರೆಯಿಂದ ಬೆಳಗಿನ ತನಕ ಬೀದಿಯಲ್ಲಿ ಕಾರು ನಿಲ್ಲಿಸಬಾರದು ಎಂಬ ಕಟ್ಟಳೆ ಅಲ್ಲಿ ಬಹಳ ಕಾಲದಿಂದ ಇದೆ. ಗ್ಯಾರೇಜಿಲ್ಲದ ಬಾಡಿಗೆದಾರರಿಗೆ ಇದೊಂದು ದೊಡ್ಡ ತಲೆನೋವು. ನಮಗೂ ಆಗಿತ್ತು.

ಬೇಸಿಗೆಯ ಶನಿವಾರಗಳಲ್ಲಿ ಲೇಕ್ ಸ್ಟ್ರೀಟಿನ ಪಿಲ್‌ಗ್ರಿಮ್ ಚರ್ಚಿನ ಅಂಗಳದಲ್ಲಿ ರೈತರ ಸಂತೆ. 1970ರ ದಶಕದಿಂದ ನಡೆದುಕೊಂಡು ಬಂದದ್ದು. ಜುಲೈ ಬಂತೆಂದರೆ ಮಿಶಿಗನ್ನಿನ ಪೀಚ್ ಹಣ್ಣು, ಜೋಳದ ತೆನೆ, ನಮ್ಮ ನಾಟಿ ಟೊಮ್ಯಾಟೊ ಥರ ಹುಳಿಯಿರುವ ಟೊಮ್ಯಾಟೊ. ಆದರೆ ಉದ್ದದ ಸಾಲು ಇರುವುದು ಚರ್ಚಿನ ಬಾಗಿಲ ಹತ್ತಿರ. ಒಳಗೆ ಅಡುಗೆಮನೆಯಲ್ಲಿ ಬೆಳಗಿನ ಜಾವಕ್ಕೇ ಎದ್ದು ಬಂದವರು ಡೋನಟ್ ಕರಿಯುತ್ತಿರುತ್ತಾರೆ. ನಮ್ಮ ಉದ್ದಿನವಡೆಯ ಆಕಾರ, ಒಳಗೆ ಸಿಹಿ. ಒಂದೊಂದು ಶನಿವಾರ ಒಂದೊಂದು ಸಂಘದ ಸರದಿ, ಬಂದ ದುಡ್ಡು ಅವರ ಕೆಲಸಕ್ಕೆ. ನನ್ನ ಮಗನ ಶಾಲೆಯ ಗುಂಪಿನ ಸರದಿ ಬಂದಾಗ ನಾನೂ ಒಂದು ಬೆಳಿಗ್ಗೆ ನಿಂತಿದ್ದೆ. ಎಣ್ಣೆಯಿಂದ ತೆಗೆದು ಜರಡಿಯ ಮೇಲೆ ಇಟ್ಟು, ಸಕ್ಕರೆಯಲ್ಲಿ ಹೊರಳಿಸಿ, ಕಾಗದದ ಚೀಲಕ್ಕೆ ಹಾಕುವುದು ನನ್ನ ಪಾಲು. ನನ್ನ ಪಕ್ಕ ನಿಂತು ಚೀಲ ಬಿಡಿಸಿ ಕೊಡುತ್ತಿದ್ದ ಹಿರಿಯ ಹೆಂಗಸು ಕಪ್ಪು ಜನಾಂಗದವರು. ರಸ್ತೆಯಾಚೆಯ ಆಸ್ಟಿನ್ನಿನಲ್ಲಿ ಬೆಳೆದವರು. ಅವರ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಮನೆ ಕಂದಾಯದ ಬಿಲ್ಲು ಒಂದನ್ನು ನಿಮಗೆ ತೋರಿಸಬೇಕು ಅನಿಸುತ್ತದೆ. ಒಂದೇ ಹಾಳೆಯಲ್ಲಿ ಯಾರು ಯಾರಿಗೆ ಎಷ್ಟು ಎಂದು ಬಿಡಿಬಿಡಿಯಾಗಿ ಇರುತ್ತದೆ. ಪ್ರಾಥಮಿಕ ಶಾಲೆಗಳ ಜಿಲ್ಲೆ, ಹೈಸ್ಕೂಲಿನ ಜಿಲ್ಲೆ, ಹಳ್ಳಿ, ಲೈಬ್ರರಿ, ಪಾರ್ಕುಗಳ ಜಿಲ್ಲೆ, ಟೌನ್‌ಶಿಪ್, ಕೌಂಟಿ. ಬಹುಪಾಲಕ್ಕೆ ಬೇರೆ ಬೇರೆ ಮಂಡಳಿ, ಬೇರೆ ಬೇರೆ ಚುನಾವಣೆ. ಅರ್ಧಕ್ಕಿಂತ ಹೆಚ್ಚು ದುಡ್ಡು ಶಾಲೆಗಳಿಗೇ ಹೋಗುತ್ತದೆ. ಇದರ ಅರ್ಥ ಏನು ನೋಡಿ. ಶಾಲೆ ಚೆನ್ನಾಗಿರಬೇಕಾದರೆ ಊರಿನ ಮನೆಗಳಿಗೆ ಬೆಲೆ ಇರಬೇಕು. ಬೆಲೆ ಬಿದ್ದರೆ ಶಾಲೆ ಬಡವಾಗುತ್ತದೆ, ಶಾಲೆ ಬಡವಾದರೆ ಬೆಲೆ ಇನ್ನೂ ಬೀಳುತ್ತದೆ. ಅಮೆರಿಕದ ಉಪನಗರಗಳಲ್ಲಿ ಜನರಿಗೆ ತಮ್ಮ ಮನೆಯ ಬೆಲೆಯ ಬಗ್ಗೆ ಇರುವ ಭಯ ಬರೀ ದುರಾಸೆಯಲ್ಲ. ಈ ಭಯವನ್ನು ಬಲ್ಲವರು ಅದರಿಂದ ಹೇಗೆ ದುಡ್ಡು ಮಾಡಿದರು ಎಂಬುದು ಮುಂದಿನ ಕಥೆ.

ಅದಕ್ಕೆ ಮೊದಲು ಪರ್ಸಿ ಜೂಲಿಯನ್ ಬಗ್ಗೆ ಹೇಳಬೇಕು. ಅಲಬಾಮಾದ ಮಾಂಟ್‌ಗೊಮೆರಿಯಲ್ಲಿ ಹುಟ್ಟಿದ ಕಪ್ಪು ಹುಡುಗ, ಗುಲಾಮರಾಗಿದ್ದವರ ಮೊಮ್ಮಗ. 1931ರಲ್ಲಿ ವಿಯೆನ್ನಾದಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್. 1935ರಲ್ಲಿ ಕಣ್ಣಿನ ಗ್ಲಾಕೊಮಾಗೆ ಬಳಸುವ ಫೈಸೊಸ್ಟಿಗ್ಮಿನ್ ಎಂಬ ಔಷಧವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ತೋರಿಸಿದರು. ಶಿಕಾಗೊದ ಕಂಪನಿಯೊಂದರಲ್ಲಿದ್ದಾಗ ಸೋಯಾ ಕಾಳಿನಿಂದ ಹಾರ್ಮೋನುಗಳನ್ನು ಹೇರಳವಾಗಿ ತೆಗೆಯುವ ದಾರಿ ಕಂಡುಹಿಡಿದರು. ಯುದ್ಧದ ಕಾಲದಲ್ಲಿ ಹಡಗಿನ ಬೆಂಕಿ ಆರಿಸಲು ಬಳಸಿದ ನೊರೆಗೂ ಬೇಕಾದ ಸೋಯಾ ಪ್ರೋಟೀನು ಅವರದೇ ಕೆಲಸ. 1950ರಲ್ಲಿ ಶಿಕಾಗೊದ ಪತ್ರಿಕೆಯೊಂದು ಅವರನ್ನು ವರ್ಷದ ವ್ಯಕ್ತಿ ಎಂದು ಹೆಸರಿಸಿತು. ಅದೇ ವರ್ಷ ಅವರು ಓಕ್ ಪಾರ್ಕಿನ ಈಸ್ಟ್ ಅವೆನ್ಯೂನಲ್ಲಿ ಮನೆ ಕೊಂಡರು.

ಸಂಸಾರ ಒಳಗೆ ಬರುವ ಮೊದಲೇ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ, ಆ ಮನೆಗೆ ಬೆಂಕಿ ಇಟ್ಟರು. 1951ರ ಜೂನ್‌ನಲ್ಲಿ ಡೈನಮೈಟ್ ಎಸೆದರು. ಆಗ ಮಕ್ಕಳು ಮನೆಯಲ್ಲಿದ್ದರು. ತಂದೆ ಮಗ ಇಬ್ಬರೂ ಮರದ ಮೇಲೆ ಕೋವಿ ಹಿಡಿದು ಕೂತು ಮನೆ ಕಾಯುತ್ತಿದ್ದುದನ್ನು ಮಗ ಎಷ್ಟೋ ವರ್ಷಗಳ ಮೇಲೆ ನೆನಪಿಸಿಕೊಂಡಿದ್ದಾರೆ. ಊರಿನಲ್ಲಿ ಅವರ ಪರವಾಗಿ ನಿಂತು ಸಭೆ ಕೂಡಿಸಿದವರೂ ಇದ್ದರು. ಜೂಲಿಯನ್ ಮನೆ ಬಿಡಲಿಲ್ಲ. 1975ರಲ್ಲಿ ಸಾಯುವವರೆಗೂ ಅದೇ ಮನೆ. ನನ್ನ ಮಗ ಓದಿದ ಮಿಡ್ಲ್ ಸ್ಕೂಲಿಗೆ ಇವತ್ತು ಅವರ ಹೆಸರಿದೆ. ಹದಿನೈದು ನಿಮಿಷ ನಡೆದರೆ ಆ ಮನೆ. ಮಗನನ್ನು ಒಂದು ದಿನ ಕರೆದುಕೊಂಡು ಹೋಗಿ ತೋರಿಸಿದೆ. ಆ ಮರ ಯಾವುದು ಎಂದು ಕೇಳಿದ. ಬೀದಿ ತುಂಬ ದೊಡ್ಡ ಮರಗಳಿದ್ದವು. ಎದುರಿನ ಕಾಲುದಾರಿಯಲ್ಲಿ ನಿಂತು ಇಬ್ಬರೂ ಸ್ವಲ್ಪ ಹೊತ್ತು ಆ ಮರಗಳನ್ನೇ ನೋಡಿ ಬಂದೆವು.

ಈಗ ಆಸ್ಟಿನ್ ಬುಲೆವಾರ್ಡಿಗೆ ಬರೋಣ. 1930ರ ದಶಕದಿಂದ ಕಪ್ಪು ಜನ ಇರುವ ಬಡಾವಣೆಗಳನ್ನು ಸರ್ಕಾರದ ನಕಾಶೆಗಳಲ್ಲೇ ಕೆಂಪು ಬಣ್ಣ ಬಳಿದು ಗುರುತಿಸಿದ್ದರು. ಅಲ್ಲಿ ಮನೆ ಸಾಲಕ್ಕೆ ಸರ್ಕಾರದ ಖಾತರಿ ಸಿಗುತ್ತಿರಲಿಲ್ಲ. 1960ರ ದಶಕದಲ್ಲಿ ಶಿಕಾಗೊದ ಪಶ್ಚಿಮ ಭಾಗದಲ್ಲಿ ಒಂದೊಂದೇ ಬೀದಿ ಬದಲಾಗುತ್ತಾ ಬಂತು. ಅದು ತಾನಾಗಿ ಆಗುತ್ತಿರಲಿಲ್ಲ. ಮನೆ ದಲ್ಲಾಳಿ ಬಿಳಿಯರ ಬೀದಿಯಲ್ಲಿ ಒಂದು ಮನೆಯನ್ನು ಕಪ್ಪು ಕುಟುಂಬಕ್ಕೆ ಮಾರುತ್ತಾನೆ. ಆಮೇಲೆ ಅಕ್ಕಪಕ್ಕದವರಿಗೆಲ್ಲ ಫೋನ್ ಮಾಡುತ್ತಾನೆ: ‘ನಿಮ್ಮ ಬೀದಿಗೆ ಅವರು ಬಂದರು, ಈಗ ಮಾರಿದರೆ ಇಷ್ಟಾದರೂ ಸಿಗುತ್ತೆ, ಮುಂದಿನ ತಿಂಗಳು ಅದೂ ಇಲ್ಲ.’ ಹೆದರಿದವರು ಸಿಕ್ಕಷ್ಟಕ್ಕೆ ಮಾರುತ್ತಾರೆ. ಅದೇ ಮನೆಯನ್ನು ಬ್ಯಾಂಕಿನ ಸಾಲ ಸಿಗದ ಕಪ್ಪು ಕುಟುಂಬಕ್ಕೆ ದುಬಾರಿ ಬೆಲೆಗೆ, ಕಂತಿನ ಮೇಲೆ ಮಾರುತ್ತಾರೆ. ಒಂದು ಕಂತು ತಪ್ಪಿದರೆ ಮನೆಯೂ ಹೋಯಿತು, ಕಟ್ಟಿದ ದುಡ್ಡೂ ಹೋಯಿತು. ಎರಡೂ ಕಡೆಯವರು ಕಳೆದುಕೊಂಡರು. ಲಾಭ ನಡುವಿನವನಿಗೆ. 1970ರ ಜನಗಣತಿಯಲ್ಲಿ ಆಸ್ಟಿನ್ನಿನ ಮೂರನೇ ಒಂದರಷ್ಟು ಜನ ಕಪ್ಪು ಜನಾಂಗದವರು. 1980ರ ಹೊತ್ತಿಗೆ ಮುಕ್ಕಾಲಿನ ಹತ್ತಿರ. ಹತ್ತೇ ವರ್ಷದಲ್ಲಿ ಅಷ್ಟು ದೊಡ್ಡ ಬಡಾವಣೆ ಪೂರ್ತಿ ಬದಲಾಯಿತು. ಬದಲಾವಣೆ ರಸ್ತೆಯ ಅಂಚಿಗೆ ಬಂದು ನಿಂತಿತು. ಮುಂದಿನ ಸರದಿ ಓಕ್ ಪಾರ್ಕಿನದು ಎಂದು ಎಲ್ಲರೂ ಅಂದುಕೊಂಡಿದ್ದರು.

1964ರಲ್ಲಿ ಊರಿನ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ಯಾರು ಬೇಕಾದರೂ ಎಲ್ಲಿ ಬೇಕಾದರೂ ವಾಸ ಮಾಡುವ ಹಕ್ಕು ಎಲ್ಲರಿಗೂ ಇದೆ ಎಂಬ ಮಾತು, ಕೆಳಗೆ ನೂರಾರು ಜನರ ಹೆಸರು. ಹೆಸರು ಹಾಕಿಸಿಕೊಳ್ಳುವುದು ಆಗ ಸಣ್ಣ ವಿಷಯವಾಗಿರಲಿಲ್ಲ, ಪಕ್ಕದ ಮನೆಯವರೇ ಮಾತು ಬಿಡಬಹುದಿತ್ತು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗರ ಕೊಲೆಯಾಯಿತು, ಶಿಕಾಗೊದ ಪಶ್ಚಿಮ ಭಾಗ ಹೊತ್ತಿ ಉರಿಯಿತು. ಮೇ ತಿಂಗಳಲ್ಲಿ ಓಕ್ ಪಾರ್ಕ್ ಮಂಡಳಿ, ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ ನೋಡಬಾರದು ಎಂಬ ಸ್ಥಳೀಯ ಕಾನೂನು ಮಾಡಿತು.

ಕಾನೂನು ಮಾಡಿ ಸುಮ್ಮನಾಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅದೇ ಊರಿನಲ್ಲಿ ಬೆಳೆದ ರಾಬರ್ಟಾ ರೇಮಂಡ್, ಎಲ್ಲರೂ ಬಾಬಿ ಎನ್ನುತ್ತಿದ್ದರು, 1972ರಲ್ಲಿ ಚರ್ಚೊಂದರ ಕೋಣೆಯಲ್ಲಿ ಹೌಸಿಂಗ್ ಸೆಂಟರ್ ಶುರು ಮಾಡಿದರು. ಅವರ ಲೆಕ್ಕ ಸರಳ. ಬಾಗಿಲು ತೆರೆದಿಟ್ಟರೆ ಸಾಲದು. ಕಪ್ಪು ಕುಟುಂಬಗಳನ್ನು ದಲ್ಲಾಳಿಗಳು ಆಸ್ಟಿನ್ ಅಂಚಿನ ಬೀದಿಗಳಿಗೇ ಕರೆದುಕೊಂಡು ಹೋಗುತ್ತಾರೆ, ಬಿಳಿಯರಿಗೆ ಆ ಬೀದಿಗಳನ್ನು ತೋರಿಸುವುದೇ ಇಲ್ಲ. ಹಾಗಾದರೆ ಗಡಿ ನಾಲ್ಕು ಬೀದಿ ಈಚೆಗೆ ಸರಿಯುತ್ತದೆ, ಅಷ್ಟೇ. ಆದ್ದರಿಂದ ಬಾಡಿಗೆ ಮನೆ ಹುಡುಕಿಕೊಂಡು ಬಂದವರನ್ನು ಕೂರಿಸಿ ಮಾತಾಡಬೇಕು. ಬಿಳಿಯರಿಗೆ ಪೂರ್ವದ ಬೀದಿಗಳನ್ನು, ಕಪ್ಪು ಜನರಿಗೆ ಊರಿನ ನಡು ಮತ್ತು ಪಶ್ಚಿಮದ ಬೀದಿಗಳನ್ನು ತೋರಿಸಬೇಕು. ಬಲವಂತ ಇಲ್ಲ, ಆರಿಸಿಕೊಳ್ಳುವುದು ಅವರಿಗೆ ಬಿಟ್ಟದ್ದು. ಆದರೆ ಅವರ ಕಣ್ಣಿಗೆ ಬೀಳದ ಮನೆಯನ್ನು ಕಣ್ಣಿಗೆ ಬೀಳಿಸಬೇಕು.

ಹಳ್ಳಿ ಮಂಡಳಿ ಜೊತೆಜೊತೆಗೇ ಕೆಲಸ ಮಾಡಿತು. ‘ಮಾರಾಟಕ್ಕಿದೆ’ ಎಂಬ ಬೋರ್ಡು ಒಂದು ಬೀದಿಯಲ್ಲಿ ನಾಲ್ಕು ಕಂಡರೆ ಐದನೆಯವನಿಗೆ ಗಾಬರಿ. 1972ರಲ್ಲಿ ಬೋರ್ಡುಗಳನ್ನೇ ನಿಷೇಧಿಸಿದರು. 1977ರಲ್ಲಿ ನ್ಯೂಜೆರ್ಸಿಯ ಊರೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇಂಥ ನಿಷೇಧ ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧ ಎಂದಿತು. ಆದರೂ ಓಕ್ ಪಾರ್ಕಿನ ಏಜೆಂಟರು ಮಾತಿಗೆ ಕಟ್ಟುಬಿದ್ದು ಎಷ್ಟೋ ವರ್ಷ ಬೋರ್ಡು ನೆಡಲಿಲ್ಲ. ಹೊಸ ವಿಲೇಜ್ ಹಾಲನ್ನು 1975ರಲ್ಲಿ ಕಟ್ಟಿದರು, ವಾಸ್ತುಶಿಲ್ಪಿ ಹ್ಯಾರಿ ವೀಸ್. ಅಂಗಡಿಗಳಿರುವ ಪೇಟೆಯಲ್ಲಿ ಕಟ್ಟಬಹುದಿತ್ತು. ಆಸ್ಟಿನ್ ಕಡೆಗೆ, ಊರಿನ ಪೂರ್ವ ಭಾಗದಲ್ಲಿ, ಮ್ಯಾಡಿಸನ್ ಸ್ಟ್ರೀಟಿನಲ್ಲಿ ಕಟ್ಟಿದರು. ಹಳ್ಳಿಯೇ ಇಲ್ಲಿ ಬಂದು ಕೂತಿದೆ, ನೀವು ಎಲ್ಲಿಗೆ ಓಡುತ್ತೀರಿ ಎಂದು ಕೇಳಿದ ಹಾಗೆ. ಒಂದು ಶಾಲೆ ಪೂರ್ತಿ ಕಪ್ಪು, ಇನ್ನೊಂದು ಪೂರ್ತಿ ಬಿಳಿ ಆಗದಂತೆ ಶಾಲೆಗಳ ವ್ಯವಸ್ಥೆಯನ್ನೂ ಬದಲಾಯಿಸಿದರು.

ಇವೆಲ್ಲದರಲ್ಲಿ ನನಗೆ ತುಂಬ ಹಿಡಿಸಿದ್ದು 1970ರ ದಶಕದ ಕೊನೆಯ ಮನೆ ಬೆಲೆ ವಿಮೆ. ನಿಮ್ಮ ಮನೆಯ ಬೆಲೆ ಬಿದ್ದೀತು ಎಂದು ಭಯವೇ? ಹೆಸರು ನೋಂದಾಯಿಸಿ. ಐದು ವರ್ಷ ಇರಿ. ಆಮೇಲೆ ಮಾರಿದಾಗ ನಷ್ಟವಾದರೆ ನಷ್ಟದ ಶೇಕಡ 80ರಷ್ಟನ್ನು ಹಳ್ಳಿ ತುಂಬಿಕೊಡುತ್ತದೆ. ಭಯ ಪಡಬೇಡಿ ಎಂದು ಉಪದೇಶ ಮಾಡಲಿಲ್ಲ, ನಿಮ್ಮ ಭಯಕ್ಕೆ ನಾವು ಜಾಮೀನು ಎಂದರು. ಸೇರಿದವರು ಹೆಚ್ಚಿಲ್ಲ. ಪರಿಹಾರ ಕೊಡಬೇಕಾದ ಸಂದರ್ಭ ಒಂದೂ ಬರಲಿಲ್ಲ. ನಾವಿದ್ದ ವರ್ಷಗಳಲ್ಲಿ ಊರಿನ ಐವರಲ್ಲಿ ಒಬ್ಬರು ಕಪ್ಪು ಜನಾಂಗದವರು, ಅವರ ಮನೆಗಳು ಊರಿನ ಎಲ್ಲ ಭಾಗಗಳಲ್ಲೂ ಇದ್ದವು. ಶಿಕಾಗೊ ಸುತ್ತಮುತ್ತ ಇದು ಅಪರೂಪ.

ನಾವು ಮನೆ ಹುಡುಕಲು ಹೋದದ್ದೂ ಆ ಸೆಂಟರಿಗೇ. ನಮ್ಮ ಎದುರು ಕೂತ ಹೆಂಗಸು ನಕಾಶೆ ಬಿಡಿಸಿ, ಪೂರ್ವದ ಕಡೆ ಎರಡು, ನಡುವಿನಲ್ಲಿ ಒಂದು ಮನೆಗೆ ಗುರುತು ಹಾಕಿದರು. ‘ಆಸ್ಟಿನ್ ಕಡೆ ಹೋಗಬೇಡಿ ಎಂದು ನಿಮಗೆ ಯಾರಾದರೂ ಹೇಳಿದ್ದಾರಾ?’ ಎಂದು ನೇರವಾಗಿ ಕೇಳಿದರು. ಹೇಳಿದ್ದರು, ನಮ್ಮ ಜನವೇ ಹೇಳಿದ್ದರು. ಶಿಕಾಗೊದ ಇನ್ನೊಂದು ಉಪನಗರ ನೇಪರ್‌ವಿಲ್ಲಿನಲ್ಲಿದ್ದ ಪರಿಚಯದವರು ಅಲ್ಲಿಗೆ ಬನ್ನಿ, ಕನ್ನಡದವರೆಲ್ಲ ಇದ್ದೇವೆ, ಆ ಕಡೆ ಬೇಡ ಎಂದಿದ್ದರು. ‘ಹಾಗಾದರೆ ಇವತ್ತೇ ನಡೆದು ನೋಡಿ ಬನ್ನಿ, ಬೆಳಿಗ್ಗೆ ಒಂದು ಸಲ, ಕತ್ತಲಾದ ಮೇಲೆ ಒಂದು ಸಲ’ ಎಂದರು. ನಡೆದು ನೋಡಿದೆವು. ಪೂರ್ವದ ಆ ಎರಡರಲ್ಲಿ ಒಂದು ಮನೆಯನ್ನೇ ಹಿಡಿದೆವು. ಆಸ್ಟಿನ್ ಬುಲೆವಾರ್ಡ್‌ನಿಂದ ಎರಡು ಬೀದಿ ಈಚೆ.

ಇದಕ್ಕೆ ಆಕ್ಷೇಪಗಳೂ ಇವೆ, ಸಣ್ಣವಲ್ಲ. ಬಣ್ಣ ನೋಡಿ ದಾರಿ ತೋರಿಸುವುದು, ಉದ್ದೇಶ ಒಳ್ಳೆಯದಾದರೂ, ಬಣ್ಣ ನೋಡಿದ ಹಾಗೇ ಅಲ್ಲವೇ ಎಂದು ಕಪ್ಪು ಜನ ಕೇಳಿದ್ದಾರೆ. ಆಸ್ಟಿನ್ನಿನಿಂದ ಬರುವ ಕೆಲವು ಬೀದಿಗಳ ಬಾಯಿಗೆ ಗಿಡ ನೆಟ್ಟು, ಕಟ್ಟೆ ಕಟ್ಟಿ ಮುಚ್ಚಿದ್ದಾರೆ. ವಾಹನ ಕಡಿಮೆ ಮಾಡಲು ಎಂದು ಹೇಳುತ್ತಾರೆ, ಆಚೆಯಿಂದ ನೋಡುವವರಿಗೆ ಅದು ಬೇರೆಯೇ ಕಾಣುತ್ತದೆ. ನನಗೂ ಹಾಗೇ ಕಾಣುತ್ತಿತ್ತು. ಹೈಸ್ಕೂಲಿನಲ್ಲಿ ಎಲ್ಲ ಮಕ್ಕಳೂ ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತಾರೆ, ಮೇಲಿನ ಮಟ್ಟದ ತರಗತಿಗಳಲ್ಲಿ ನೋಡಿದರೆ ಬಿಳಿಯರೇ ಹೆಚ್ಚು. ಕಂದಾಯ ಏರುತ್ತಾ ಹೋಗಿ, ಹೋರಾಡಿ ಬಂದ ಕುಟುಂಬಗಳೇ ಮುಪ್ಪಿನಲ್ಲಿ ಮನೆ ಮಾರಬೇಕಾಗಿದೆ. ಮಂಡಳಿ ಸಭೆಯಲ್ಲಿ ಯಾರು ಬೇಕಾದರೂ ಎದ್ದು ಮೂರು ನಿಮಿಷ ಮಾತಾಡಬಹುದು. ನಾನು ಹೋದ ಸಭೆಗಳಲ್ಲಿ ಆ ಮೂರು ನಿಮಿಷಗಳು ಹೆಚ್ಚಾಗಿ ಇವೇ ವಿಷಯಗಳಿಗೆ ಹೋಗುತ್ತಿದ್ದವು.

ಈಗ ಡೋನಟ್ ಚೀಲ ಬಿಡಿಸಿ ಕೊಡುತ್ತಿದ್ದ ಆ ಹೆಂಗಸಿನ ಮಾತು. 1970ರ ಸುಮಾರಿಗೆ ಅವರ ತಂದೆ ಆಸ್ಟಿನ್ನಿನಲ್ಲಿ ಮನೆ ಕೊಂಡರಂತೆ. ಬಂದಾಗ ಬೀದಿಯಲ್ಲಿ ಅವರದು ಎರಡನೆಯ ಕಪ್ಪು ಕುಟುಂಬ. ಎರಡು ವರ್ಷದೊಳಗೆ ಅವರ ಜೊತೆ ಆಡುತ್ತಿದ್ದ ಬಿಳಿಯ ಮಕ್ಕಳಲ್ಲಿ ಒಬ್ಬರೂ ಇರಲಿಲ್ಲ. ಆಮೇಲೆ ಬ್ಯಾಂಕು ಹೋಯಿತು, ದಿನಸಿ ಅಂಗಡಿ ಹೋಯಿತು. ‘ನಮ್ಮಪ್ಪ ಬೀದಿಯವರನ್ನೆಲ್ಲ ಸೇರಿಸಿ ಅರ್ಜಿ ಬರೆದಿದ್ದರು. ದಲ್ಲಾಳಿಗಳ ಫೋನು ನಿಲ್ಲಿಸಿ, ಬೋರ್ಡು ತೆಗೆಸಿ ಅಂತ. ಈ ಕಡೆಯವರು ಕೇಳಿದ್ದೇ ಅಲ್ಲವಾ ಅದು?’ ಎಂದರು. ಅರ್ಜಿ ಎಲ್ಲಿಗೆ ಕೊಟ್ಟರು ಎಂದು ಕೇಳಿದೆ. ಓಕ್ ಪಾರ್ಕಿನವರಾದರೆ ಅಂಥ ಕಾಗದವನ್ನು ನಾಲ್ಕು ಬೀದಿ ನಡೆದು ತಮ್ಮದೇ ಮಂಡಳಿಯ ಏಳು ಜನರ ಮುಂದೆ ಇಟ್ಟಿದ್ದರು. ಆಸ್ಟಿನ್ನಿಗೆ ತನ್ನ ಮಂಡಳಿ ಎಂಬುದು 1899ರಿಂದ ಇಲ್ಲ. ಅವರಪ್ಪ ರೈಲು ಹತ್ತಿ ಶಿಕಾಗೊ ನಗರಸಭೆಗೆ ಹೋಗಬೇಕಿತ್ತು, ಇಡೀ ನಗರದ ಐವತ್ತು ಆಲ್ಡರ್‌ಮನ್‌ಗಳ ನಡುವೆ ತಮ್ಮವನನ್ನು ಹುಡುಕಬೇಕಿತ್ತು. ‘ಒಂದು ದಿನದ ಸಂಬಳ ಬಿಟ್ಟು ಹೋಗಿ ಕೊಟ್ಟು ಬಂದರು’ ಎಂದು ಹೇಳಿ, ಮುಂದಿನ ಚೀಲ ಬಿಡಿಸಿ ನನ್ನ ಕಡೆ ಹಿಡಿದರು.